ಕಾರ್ತಿಕದ ಹಕ್ಕಿ ಹೊಲದಲ್ಲಿ ಏನು ಹುಡುಕುತ್ತೆ? ಹುಲಿಕೆರೆ ಸುತ್ತ ಒಂದು ದಿನದ ನೋಟ

ದೀಪಾವಳಿ ಮುಗಿದು, ವಿಶಾಖ ಮಳೆಯ ಕೊನೆ ಹನಿ ಉದುರಿ, ರಾಗಿ ತೆನೆ ಬಲಿಯೋ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತೆ. "ಸಾರ್, ಹೊಲದ ತುಂಬ ಯಾವ್ಯಾವುದೋ ಹಕ್ಕಿ ಕೂತವೆ, ಹೋದ ತಿಂಗಳು ಇರ್ಲಿಲ್ಲ. ಕಡಲೆ ಸಾಲಲ್ಲೇ ಓಡಾಡ್ತವೆ. ಏನಾದ್ರೂ ಔಷಧಿ ಹೊಡೀಬೇಕಾ?"

ಔಷಧಿ ಡಬ್ಬಿ ತೆಗೆಯೋ ಮೊದಲು ಒಂದು ಕೆಲಸ ಮಾಡಿ. ಹಕ್ಕಿ ಎಲ್ಲಿ ಕೂತಿತ್ತೋ ಅಲ್ಲಿಗೆ ಹೋಗಿ ನಾಲ್ಕು ಗಿಡ ಬಗ್ಗಿಸಿ ನೋಡಿ. ಹತ್ತರಲ್ಲಿ ಎಂಟು ಸಲ ಅಲ್ಲಿ ಹಸಿರು ಮರಿಹುಳು, ಮಿಡತೆ ಅಥವಾ ಬುಡದ ಮಣ್ಣಲ್ಲಿ ಕತ್ತರಿ ಹುಳು ಸಿಗುತ್ತೆ. ಹಕ್ಕಿ ಬಂದಿದ್ದು ಕಡಲೆಗಲ್ಲ, ಹುಳಕ್ಕೆ. ನಿಮ್ಮ ಕಣ್ಣಿಗೆ ಹುಳು ಬೀಳೋಕ್ಕೆ ನಾಲ್ಕೈದು ದಿನ ಮೊದಲೇ ಅದರ ಕಣ್ಣಿಗೆ ಬಿದ್ದಿರುತ್ತೆ. ಅದಕ್ಕೇ ಈ ವಾರ ಹಕ್ಕಿ ನೋಡೋ ವಿಷಯ ತಗೊಂಡಿದ್ದೀವಿ. ಪಟ್ಟಣದವರು ಬೈನಾಕ್ಯುಲರ್ ಹಾಕ್ಕೊಂಡು ನೋಡೋ ಖುಷಿಯೂ ಇದರಲ್ಲಿದೆ, ಆದ್ರೆ ರೈತರಿಗೆ ಇದರಲ್ಲಿ ಒಂದು ಸಿಂಪರಣೆಯ ದುಡ್ಡು ಉಳಿಯೋ ಲೆಕ್ಕವೂ ಇದೆ.

ಹಳೇಬೀಡಿನ ಹತ್ತಿರದ ಹುಲಿಕೆರೆ ಇದಕ್ಕೆ ಒಳ್ಳೇ ಜಾಗ. ಊರಿನ ಹೆಸರು ಕೇಳಿದ ಕೂಡ್ಲೇ ಹೊರಗಿನವರಿಗೆ ಹೊಯ್ಸಳರ ಕಾಲದ ಕಲ್ಯಾಣಿ ನೆನಪಾಗುತ್ತೆ. ನಮಗೆ ಮುಖ್ಯ ಏನಂದ್ರೆ ಇದು ಎರಡು ಸೀಮೆ ಕೂಡುವ ಜಾಗ. ಅರಸೀಕೆರೆ ದಿಕ್ಕಿಗೆ ಹೋದರೆ ತೆಂಗು, ರಾಗಿ, ಹುರುಳಿಯ ಬಯಲು. ಬೇಲೂರು ದಾಟಿ ಪಶ್ಚಿಮಕ್ಕೆ ಹೋದರೆ ಕಾಫಿ, ಮೆಣಸು, ನೆರಳು. ನಡುವೆ ಹಳೇಬೀಡಿನ ದ್ವಾರಸಮುದ್ರ ಕೆರೆ, ಬೇಲೂರಿನ ಯಗಚಿ ಜಲಾಶಯ, ಜೊತೆಗೆ ಸಣ್ಣ ಸಣ್ಣ ಊರಕೆರೆಗಳು. ನೀರಿನ ಹಕ್ಕಿ, ಬಯಲ ಹಕ್ಕಿ, ತೋಟದ ಹಕ್ಕಿ, ಮೂರೂ ಒಂದೇ ದಿನ ಟೂ ವೀಲರ್‌ನಲ್ಲಿ ನೋಡಿ ಮುಗಿಸಬಹುದು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡೋಣ. ರಾಗಿ ತೆನೆ ಮೇಲೆ ಬೀಳೋ ಗುಬ್ಬಿ, ರಾಟವಾಳ, ಗಿಳಿ, ಪಾರಿವಾಳ, ಶೇಂಗಾ ಕೆದಕೋ ನವಿಲು, ಇವೆಲ್ಲ ನಮ್ಮೂರಿನವೇ. ವರ್ಷವಿಡೀ ಇಲ್ಲೇ ಇರ್ತವೆ. ಚಳಿಗೆ ದೂರದಿಂದ ಬರೋ ಹಕ್ಕಿಗಳಲ್ಲಿ ಕಾಳು ತಿನ್ನೋವು ಕಡಿಮೆ, ಹುಳು ತಿನ್ನೋವೇ ಜಾಸ್ತಿ. ಇದಕ್ಕೆ ಕಾರಣ ಸರಳ. ಹಿಮಾಲಯದಾಚೆ, ಮಧ್ಯ ಏಷ್ಯಾ, ಸೈಬೀರಿಯಾ ಕಡೆ ಚಳಿಗಾಲ ಬಂದರೆ ನೆಲ ಹೆಪ್ಪುಗಟ್ಟುತ್ತೆ, ಹುಳು ಸಾಯುತ್ತೆ ಅಥವಾ ಮಣ್ಣೊಳಗೆ ಅಡಗುತ್ತೆ. ಪುಕ್ಕ ಇರೋದ್ರಿಂದ ಹಕ್ಕಿ ಚಳಿ ತಡೆದೀತು, ಹಸಿವು ತಡೆಯಲ್ಲ. ಅದಕ್ಕೆ ಅಲ್ಲಿ ಮರಿ ಮಾಡಿ ಮುಗಿಸಿ, ಹಗಲು ಚಿಕ್ಕದಾಗ್ತಾ ಬಂದಂತೆ ಮೈಯಲ್ಲಿ ಕೊಬ್ಬು ಕೂಡಿಸಿಕೊಂಡು ದಕ್ಷಿಣಕ್ಕೆ ಹೊರಡ್ತವೆ. ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿ ಹಾರೋದು, ನಕ್ಷತ್ರ ಮತ್ತು ಭೂಮಿಯ ಕಾಂತಶಕ್ತಿಯ ಆಧಾರದ ಮೇಲೆ ದಿಕ್ಕು ಹಿಡಿಯೋದು. ಅದಕ್ಕೇ ಅವು ಬಂದಿದ್ದು ಯಾರಿಗೂ ಕಾಣಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಹೊಲದಲ್ಲಿರ್ತವೆ.

ಬೆಳಗಿನ ಹೊತ್ತು: ಕೆರೆ

ಸೂರ್ಯ ಹುಟ್ಟೋಕ್ಕೆ ಅರ್ಧ ಗಂಟೆ ಮೊದಲೇ ಏರಿ ಮೇಲಿರಬೇಕು. ಪೂರ್ವಕ್ಕೆ ಬೆನ್ನು ಹಾಕಿ ನಿಲ್ಲಿ, ಇಲ್ದಿದ್ರೆ ಹಕ್ಕಿಯೆಲ್ಲ ಕಪ್ಪಗೆ ನೆರಳಿನ ಹಾಗೆ ಕಾಣುತ್ತೆ. ನೀರಿನ ನಡುವೆ ಕಪ್ಪು ಮೈ, ಹಣೆ ಮೇಲೆ ಬಿಳಿ ನಾಮ ಇರೋದು ನಾಮಗೋಳಿ, ಇದೂ ನಮ್ಮದೇ. ಅದರ ಪಕ್ಕ ತೆಳ್ಳಗಿನ ಕತ್ತು, ಸೂಜಿಯಂಥ ಉದ್ದ ಬಾಲ ಕಂಡ್ರೆ ಅದು ಸೂಜಿಬಾಲದ ಬಾತು, ಉತ್ತರದಿಂದ ಬಂದಿದ್ದು. ಸಲಿಕೆಯಂಥ ಅಗಲ ಕೊಕ್ಕು ನೀರಿನ ಮೇಲಿಟ್ಟು ಉಳುಮೆ ಮಾಡಿದ ಹಾಗೆ ಹೋಗೋ ಬಾತೂ ಉತ್ತರದ್ದೇ. ಅಂಚಿನ ಕೆಸರಲ್ಲಿ ಬಾಲ ಮೇಲೆ ಕೆಳಗೆ ಮಾಡ್ತಾ ಒಂಟಿಯಾಗಿ ಓಡಾಡೋದು ಗದ್ದೆಗೊರವ. ಮುಟ್ಟಿದ್ರೆ ಮುರಿಯುತ್ತೇನೋ ಅನ್ನೋ ಕಾಲಿನ ಈ ಹಕ್ಕಿ ಏಷ್ಯಾದ ಉತ್ತರದ ತುದಿಯ ಕಾಡುಗಳಿಂದ ಬಂದಿರುತ್ತೆ.

ವಲಸೆ ಹಕ್ಕಿ ಅಂದ ಕೂಡ್ಲೇ ಎಲ್ಲರೂ ಕೇಳೋದು ಪಟ್ಟೆತಲೆ ಹೆಬ್ಬಾತಿನ ಬಗ್ಗೆ. ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರೋ, ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರೋ ಹಕ್ಕಿ. ಬೆನ್ನಿಗೆ ಉಪಕರಣ ಕಟ್ಟಿ ನೋಡಿದಾಗ 7000 ಮೀಟರಿಗೂ ಮೇಲೆ ಹಾರಿದ ದಾಖಲೆ ಇದೆ. ಅದನ್ನ ಹಿಂಡುಹಿಂಡಾಗಿ ನೋಡಬೇಕಂದ್ರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೋ, ಗದಗ ಜಿಲ್ಲೆಯ ಮಾಗಡಿ ಕೆರೆಗೋ ಹೋಗಬೇಕು. ಮಂಗೋಲಿಯಾದಲ್ಲಿ ಕೊರಳಿಗೆ ನಂಬರಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಬಂತು. ಹೆಬ್ಬಾತು ಮಾತ್ರ ಹುಳು ತಿನ್ನೋ ಹಕ್ಕಿ ಅಲ್ಲ, ದನದ ಹಾಗೆ ಮೇಯೋ ಹಕ್ಕಿ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹಸಿರು ಎಳೆ ಪೈರಿನ ಹೊಲ. ಮಾಗಡಿ ಸುತ್ತಿನ ರೈತರು ಅದನ್ನ ಸಹಿಸಿಕೊಂಡು ಬಂದಿರೋದಕ್ಕೆ ನಿಜವಾಗಿ ದೊಡ್ಡ ಮನಸ್ಸು ಬೇಕು.

ಕೆರೆ ಹಕ್ಕಿಯಿಂದ ನಮಗೇನು? ಒಂದು, ಗೊಬ್ಬರ. ರಾತ್ರಿ ಹೊಲದಲ್ಲಿ ತಿಂದು ಹಗಲು ಕೆರೆಯಲ್ಲಿ ಹಾಕೋ ಹಿಕ್ಕೆ ಕೆರೆಗೋಡಿಗೆ ಸೇರುತ್ತೆ. ಬೇಸಿಗೆಯಲ್ಲಿ ನೀವು ಟ್ರ್ಯಾಕ್ಟರಿಗೆ ದುಡ್ಡು ಕೊಟ್ಟು ಹೊಡೆಸೋ ಗೋಡು ಅದೇ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಲ್ಲಿ ಊರ ನಡುವಿನ ಹುಣಸೆ ಮರದಲ್ಲಿ ಗೂಡು ಕಟ್ಟೋ ಕೊಕ್ಕರೆ, ಹೆಜ್ಜಾರ್ಲೆಗಳ ಹಿಕ್ಕೆಯನ್ನ ಮರದ ಕೆಳಗಿನ ಮಣ್ಣಿನ ಸಮೇತ ಗೊಬ್ಬರ ಅಂತ ಹೊಲಕ್ಕೆ ಹಾಕೋ ರೂಢಿ ಹಳೇದು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶ ಆಯಿತು.

ಎರಡನೇದು ಎಚ್ಚರಿಕೆ. ಕೆರೆ ಅಂಚಲ್ಲಿ ಬಾತು, ಕೊಕ್ಕರೆ ಒಂದಕ್ಕಿಂತ ಹೆಚ್ಚು ಸತ್ತು ಬಿದ್ದಿದ್ರೆ ಬರಿಗೈಲಿ ಮುಟ್ಟಬೇಡಿ, ನಾಯಿಗೆ ಎಳೆಯೋಕ್ಕೆ ಬಿಡಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರದ ವೈರಾಣು ಕಾಡು ಬಾತುಗಳಲ್ಲಿ ಇದ್ದು ಕೋಳಿಗೆ ದಾಟೋ ಸಾಧ್ಯತೆ ಇದೆ. 2012ರಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಕಾಣಿಸಿಕೊಂಡಾಗ ಸಾವಿರಾರು ಸಾಕು ಹಕ್ಕಿಗಳನ್ನ ಕೊಲ್ಲಬೇಕಾಯ್ತು. ನಾಟಿ ಕೋಳಿ, ಸಾಕು ಬಾತು ಇರೋವ್ರು ಚಳಿಗಾಲ ಮುಗಿಯೋವರೆಗೆ ಅವನ್ನ ಕೆರೆ ಅಂಗಳಕ್ಕೆ ಬಿಡದಿದ್ರೆ ಒಳ್ಳೇದು. ಭಯ ಪಡೋ ವಿಷಯ ಅಲ್ಲ, ದೂರ ಇಡೋ ವಿಷಯ.

ಎಂಟು ಗಂಟೆ ಮೇಲೆ: ಹೊಲ

ಇಬ್ಬನಿ ಆರಿ ಹುಳುಗಳು ಅಲುಗಾಡೋಕ್ಕೆ ಶುರುವಾದ ಮೇಲೆ ಹೊಲಕ್ಕೆ ಬನ್ನಿ. ಮೊದಲು ಕಾಣೋದು ಕುಂಡೆಕುಸ್ಕ. ಪುಸ್ತಕದಲ್ಲಿ ಸಿಪಿಲೆ ಅಂತಾರೆ. ಗುಬ್ಬಿಗಿಂತ ತೆಳ್ಳಗೆ, ಉದ್ದ ಬಾಲ ಸದಾ ಕುಣಿಸ್ತಾ ಓಡೋ ಹಕ್ಕಿ. ಬಾವಿ ಹತ್ರ, ಮನೆ ಮಾಳಿಗೆ ಮೇಲೆ ಇರೋ ದಪ್ಪ ಕಪ್ಪು-ಬಿಳುಪಿನದು, ಕಣ್ಣಿನ ಮೇಲೆ ಬಿಳಿ ಹುಬ್ಬು ಇರೋದು ಇಲ್ಲಿಯ ಕಾಯಂ ನಿವಾಸಿ. ಹೊಟ್ಟೆ ಹಳದಿ ಇರೋವು, ಮೈ ಬೂದಿ ಇರೋವು ಚಳಿಗೆ ಬಂದೋವು. ಹಳದಿ ಸಿಪಿಲೆಗೆ ದನದ ಸಹವಾಸ ಇಷ್ಟ. ಮೇಯೋ ದನದ ಕಾಲಿಗೆ ಎದ್ದ ನೊಣ, ಮಿಡತೆಮರಿ ಹಿಡಿಯುತ್ತೆ. ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಜೊತೆ ಇವೂ ಬರ್ತವೆ. ಹುರುಳಿಗೆ ಹೊಲ ಹದ ಮಾಡುವಾಗ ನೇಗಿಲ ಸಾಲಲ್ಲಿ ಹತ್ತು ಸಿಪಿಲೆ ಒಂದು ಗಂಟೆ ಓಡಾಡಿದ್ರೆ ಮಣ್ಣಿನ ಮೇಲೆ ಬಿದ್ದ ಕೋಶ, ಮರಿಹುಳು ಎಷ್ಟು ಹೋಗುತ್ತೆ ಅಂತ ನಿಂತು ನೋಡಿ. ಉಳುಮೆ ಬೆಳಗ್ಗೆ ಮಾಡಿದ್ರೆ ಈ ಲಾಭ ಸಿಗುತ್ತೆ. ರಾತ್ರಿ ಹೆಡ್‌ಲೈಟ್ ಹಾಕ್ಕೊಂಡು ಉತ್ತರೆ ಸಿಗಲ್ಲ.

ಆಮೇಲೆ ಬೇಲಿ ನೋಡಿ. ಜಾಲಿ ಕೊಂಬೆ ತುದೀಲಿ, ಪಂಪ್‌ಸೆಟ್ಟಿನ ಕಂಬದ ಮೇಲೆ ಒಂಟಿಯಾಗಿ ಕೂತು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಕಳ್ಳನ ಹಾಗೆ ಕಾಣೋದು ಕಳಿಂಗ. ಅದರಲ್ಲಿ ಕಂದು ಬಣ್ಣದ್ದು ಸೈಬೀರಿಯಾ, ಮಂಗೋಲಿಯಾ ಕಡೆಯದು. ಒಂದು ಕಂದು ಕಳಿಂಗ ಒಂದು ಜಾಗ ಹಿಡಿದ್ರೆ ಚಳಿಗಾಲ ಪೂರ್ತಿ ಅಲ್ಲೇ, ಬೇರೆ ಕಳಿಂಗ ಬಂದ್ರೆ ಕಟಕಟ ಅಂತ ಬೈದು ಓಡಿಸುತ್ತೆ. ಮರುವರ್ಷ ಅದೇ ಬೇಲಿಗೆ ವಾಪಸ್ ಬರೋದೂ ಉಂಟು. ಹಿಡಿದ ಮಿಡತೆ, ಮರಿಹುಳು ಜಾಸ್ತಿಯಾದ್ರೆ ಜಾಲಿ ಮುಳ್ಳಿಗೆ ಚುಚ್ಚಿ ಇಡುತ್ತೆ. ಬೇಲಿ ಮುಳ್ಳಲ್ಲಿ ಒಣಗಿದ ಮಿಡತೆ ಕಂಡು ಯಾರೋ ಮಾಟ ಮಾಡಿದ್ದಾರೆ ಅಂತ ಹೆದರೋರೂ ಇದ್ದಾರೆ. ಅದು ಕಳಿಂಗನ ಉಗ್ರಾಣ, ಅಷ್ಟೇ.

ಇವೆರಡರ ಜೊತೆ ಕಾಜಾಣ ಸೇರಿಸ್ಕೊಳ್ಳಿ. ಕರಿ ಕಾಜಾಣ ನಮ್ಮೂರದ್ದು, ಬೂದು ಕಾಜಾಣ ಚಳಿಗೆ ಬರೋದು. ತಂತಿ ಮೇಲೆ ಸಾಲಾಗಿ ಕೂರೋ ಕವಲುಬಾಲದ ಅಂಬರಗುಬ್ಬಿ, ಸೊಳ್ಳೆ, ನುಸಿ, ರೆಕ್ಕೆ ಹುಳುಗಳನ್ನ ಹಾರ್ತಾನೇ ಹಿಡಿಯೋದು, ಅದೂ ಈಗಲೇ ಬರೋದು.

ಇವುಗಳಿಗೆಲ್ಲ ಹೊಲದ ನಡುವೆ ಒಂದು ಕೊರತೆ ಇದೆ: ಕೂರೋಕ್ಕೆ ಜಾಗ. ಕಾಜಾಣ, ಕಳಿಂಗ ಎತ್ತರದಲ್ಲಿ ಕೂತು ನೋಡಿ, ಹಾರಿ ಬಂದು ಹಿಡಿದು, ಮತ್ತೆ ಅಲ್ಲಿಗೇ ಹೋಗೋ ಜಾತಿ. ಬದುವಿನ ಮರದಿಂದ ಒಂದಷ್ಟು ದೂರದವರೆಗೆ ಅವು ಕಾವಲು ಕಾಯ್ತವೆ, ಅದರಾಚೆ ಹುಳು ಇದ್ರೂ ಬರಲ್ಲ. ಅದಕ್ಕೇ ಕೃಷಿ ವಿಶ್ವವಿದ್ಯಾಲಯದವರು ಕಡಲೆ, ತೊಗರಿ, ಅವರೆಗೆ ಹಕ್ಕಿ ಕೂರೋ ಗೂಟ ನೆಡಿ ಅಂತ ಹೇಳೋದು. ಎಕರೆಗೆ 20ರ ಹತ್ತಿರ ಸಾಕು. ಬೆಳೆಗಿಂತ ಎರಡು ಮೂರು ಅಡಿ ಎತ್ತರ, ಮೇಲೆ ಅಡ್ಡಕ್ಕೆ ಒಂದು ಕಡ್ಡಿ ಕಟ್ಟಿದ ಗೂಟ. ಬಿದಿರೇ ಬೇಕಂತಿಲ್ಲ, ಸವೆ ಕೊಂಬೆ, ಹಿಪ್ಪುನೇರಳೆ ಕಡ್ಡಿ, ತೆಂಗಿನ ಗರಿ ದಂಟು, ಏನಾದ್ರೂ ಆಗುತ್ತೆ. ಕಡಲೆ ಬಿತ್ತಿದ ಮೂರು ನಾಲ್ಕು ವಾರಕ್ಕೆ ನೆಟ್ಟುಬಿಡಬೇಕು, ಕಾಯಿ ಕಟ್ಟಿದ ಮೇಲೆ ನೆಟ್ಟರೆ ಹುಳು ಕಾಯೊಳಗೆ ತಲೆ ತೂರಿಸಿ ಆಗಿರುತ್ತೆ.

ನಮ್ಮ ಹಿರಿಯರ ಅಕ್ಕಡಿ ಸಾಲು ಇದನ್ನೇ ಮಾಡ್ತಿತ್ತು ಅಂತ ನನಗನ್ನಿಸುತ್ತೆ. ರಾಗಿ ಹೊಲದಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆ ಜೊತೆ ಅಲ್ಲೊಂದು ಇಲ್ಲೊಂದು ಜೋಳದ ಗಿಡ ಎದ್ದು ನಿಲ್ಲುತ್ತಿತ್ತು. ರಾಗಿ ಕೊಯ್ದ ಮೇಲೂ ಆ ಜೋಳದ ದಂಟು ಅವರೆ ಸಾಲಲ್ಲಿ ನಿಂತಿರ್ತಿತ್ತು, ಅದರ ಮೇಲೆ ಕಾಜಾಣ. ಈಗ ಅದನ್ನೇ ವಿಜ್ಞಾನಿಗಳು ಕಡಲೆಯಲ್ಲಿ ಜೀವಂತ ಗೂಟ ಅಂತ ಶಿಫಾರಸು ಮಾಡ್ತಾರೆ. ಗೂಟಕ್ಕೆ ಕೂಲಿ ಕೊಡೋ ಬದಲು ಮುಂದಿನ ಸಲ ಬಿತ್ತನೆ ಜೊತೆ ಒಂದು ಹಿಡಿ ಜೋಳ ಹಾಕಿ.

ಮೆಕ್ಕೆಜೋಳ ಹಾಕಿರೋರಿಗೂ ಇದೇ ಮಾತು. 2018ರಲ್ಲಿ ದೇಶದಲ್ಲೇ ಮೊದಲ ಸಲ ಶಿವಮೊಗ್ಗದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಸುಳಿಯೊಳಗೆ ಇಳಿಯೋ ಮೊದಲು, ಅಂದ್ರೆ ಬೆಳೆ ಮೊಣಕಾಲುದ್ದ ಇರುವಾಗ, ಹಕ್ಕಿಗೆ ಸಿಗುತ್ತೆ. ಸುಳಿ ಸೇರಿ ಮೇಲೆ ಹಿಕ್ಕೆಯ ಮುಚ್ಚಳ ಹಾಕ್ಕೊಂಡ ಮೇಲೆ ಹಕ್ಕಿಗೂ ಕಷ್ಟ, ಔಷಧಿಗೂ ಕಷ್ಟ. ಆದ್ರೆ ಒಂದು ನೆನಪಿಡಿ. ತೆನೆ ಬಿಡೋ ಬೆಳೆ, ಅಂದ್ರೆ ಜೋಳ, ಮೆಕ್ಕೆಜೋಳ, ಸೂರ್ಯಕಾಂತಿಯಲ್ಲಿ ಕಾಳು ಹಾಲುಗಟ್ಟೋ ಹೊತ್ತಿಗೆ ಗೂಟ ಕಿತ್ತು ಹಾಕಬೇಕು. ಇಲ್ದಿದ್ರೆ ಕಾಜಾಣ ಕೂತ ಜಾಗಕ್ಕೆ ಗಿಳಿ ಬಂದು ಕೂರುತ್ತೆ.

ಹಕ್ಕಿ ಇದೆ ಅಂತ ಔಷಧಿಯೇ ಬೇಡ ಅಂತ ನಾನು ಹೇಳಲ್ಲ. ಹುಳು ಮಿತಿ ಮೀರಿದ್ರೆ ಕಳಿಂಗ ಒಂದೇ ಕೈಲಿ ಏನೂ ಮಾಡಲಾರದು. ಲೆಕ್ಕ ಹೀಗಿಡಿ: ಕಡಲೆಯಲ್ಲಿ ಹೊಲದ ಹತ್ತು ಕಡೆ ಒಂದೊಂದು ಮೀಟರ್ ಸಾಲು ಅಲ್ಲಾಡಿಸಿ, ಬಿದ್ದ ಮರಿಹುಳು ಎಣಿಸಿ. ಮೀಟರಿಗೆ ಸರಾಸರಿ ಒಂದಕ್ಕಿಂತ ಕಡಿಮೆ ಇದ್ದು, ಹೊಲದಲ್ಲಿ ಹಕ್ಕಿ ಓಡಾಟ ಚೆನ್ನಾಗಿದ್ರೆ, ಸಿಂಪರಣೆ ಮುಂದಕ್ಕೆ ಹಾಕಿ ನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿ. ಒಂದೆರಡು ದಾಟಿದ್ರೆ ಮೊದಲು ಬೇವಿನ ಬೀಜದ ಶೇಕಡಾ 5ರ ಕಷಾಯ, ಇಲ್ಲವೇ ಎನ್‌ಪಿವಿ ನಂಜಾಣು ಎಕರೆಗೆ 100 ಎಲ್‌ಇ, ಸಂಜೆ ಹೊತ್ತಿಗೆ. ಬಿಸಿಲಿಗೆ ನಂಜಾಣು ಸಾಯುತ್ತೆ, ಅದಕ್ಕೆ ಸಂಜೆ. ಇದರಿಂದ ಹಕ್ಕಿಗೆ ಏನೂ ಆಗಲ್ಲ. ಅಷ್ಟೇ ಅಲ್ಲ, ನಂಜು ತಗುಲಿದ ಹುಳು ತಿಂದ ಹಕ್ಕಿಯ ಹಿಕ್ಕೆಯಲ್ಲಿ ನಂಜಾಣು ಜೀವಂತವಾಗಿ ಹೊರಬೀಳುತ್ತೆ ಅನ್ನೋದು ಹಲವು ಜಾತಿಯ ಮರಿಹುಳುಗಳ ವಿಷಯದಲ್ಲಿ ಗೊತ್ತಾಗಿದೆ. ಅಂದ್ರೆ ನೀವು ಒಂದು ಕಡೆ ಹೊಡೆದಿದ್ದನ್ನ ಹಕ್ಕಿ ನಾಲ್ಕು ಕಡೆ ಹಂಚುತ್ತೆ, ಪುಕ್ಕಟೆ.

ವಿಷದ ಮಾತು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹುಳು ತಿನ್ನೋ ಹಕ್ಕಿಗೆ ಬರೋ ಅಪಾಯ ಬಲೆಗಿಂತ ಜಾಸ್ತಿ ಡಬ್ಬಿಯಿಂದ.

ಅರ್ಜೆಂಟೀನಾದಲ್ಲಿ ನಡೆದದ್ದು ಕೇಳಿ. ಸ್ವೇನ್ಸನ್ ಗಿಡುಗ ಅನ್ನೋ ಹಕ್ಕಿ ಉತ್ತರ ಅಮೆರಿಕದಲ್ಲಿ ಮರಿ ಮಾಡಿ, ಅಲ್ಲಿ ಚಳಿ ಬಂದಾಗ ಅರ್ಜೆಂಟೀನಾದ ಬಯಲಿಗೆ ಹೋಗಿ ಮಿಡತೆ ತಿಂದು ಬದುಕುತ್ತೆ. 1995-96ರ ಹಂಗಾಮಿನಲ್ಲಿ ಅಲ್ಲಿ ಮಿಡತೆ ಕೊಲ್ಲೋಕ್ಕೆ ಸೂರ್ಯಕಾಂತಿ, ಕುದುರೆಮೆಂತೆ ಹೊಲಗಳಿಗೆ ಮೊನೊಕ್ರೊಟೋಫಾಸ್ ಹೊಡೆದರು. ಸಾಯ್ತಾ ಇದ್ದ ಮಿಡತೆ ಸುಲಭವಾಗಿ ಸಿಗುತ್ತೆ ಅಂತ ಗಿಡುಗಗಳು ಆ ಹೊಲಗಳಿಗೇ ಇಳಿದವು. ಎಣಿಕೆಗೆ ಸಿಕ್ಕ ಹೆಣಗಳೇ ಸುಮಾರು 5000, ಒಟ್ಟು 20,000ದಷ್ಟು ಸತ್ತಿರಬಹುದು ಅಂತ ಅಂದಾಜು. ಮಿಡತೆ ತಿನ್ನೋ ಸೈನ್ಯವನ್ನೇ ಮಿಡತೆ ಔಷಧಿ ಕೊಂದಿತು. ಆಮೇಲೆ ಅಲ್ಲಿ ಅದನ್ನ ನಿಷೇಧಿಸಿದರು.

ಅದೇ ಮೊನೊಕ್ರೊಟೋಫಾಸ್ ನಮ್ಮಲ್ಲಿ ಎಷ್ಟು ವರ್ಷ ಎಷ್ಟು ಮನೆಯ ಅಟ್ಟದಲ್ಲಿತ್ತು ಅಂತ ಹೇಳಬೇಕಾಗಿಲ್ಲ. ಅದರ 36 ಎಸ್‌ಎಲ್ ರೂಪವನ್ನ ಕೇಂದ್ರ ಸರ್ಕಾರ 2023ರ ಆದೇಶದಲ್ಲಿ ನಿಷೇಧಿಸಿದೆ. ಹಳೇ ಬಾಟಲಿ ಉಳಿದಿದ್ರೆ "ಇದ್ದದ್ದು ಖಾಲಿ ಮಾಡ್ಬಿಡೋಣ" ಅನ್ನಬೇಡಿ. ಕಾರ್ಬೊಫ್ಯುರಾನ್ ಹರಳೂ ಅಷ್ಟೇ ಕೆಟ್ಟದ್ದು. ಮಣ್ಣಿನ ಮೇಲೆ ಬಿದ್ದ ಹರಳನ್ನ ಹಕ್ಕಿ ಕಾಳು ಅಂತ ಆರಿಸಿ ತಿನ್ನುತ್ತೆ. ಹಂದಿಗೋ ಇಲಿಗೋ ಅಂತ ಅದನ್ನ ಹಿಟ್ಟಲ್ಲಿ ಕಲಸಿ ಇಡೋದು ಕಾನೂನಿಗೂ ವಿರುದ್ಧ, ನಿಮ್ಮ ಮನೆ ನಾಯಿಗೂ ಒಳ್ಳೇದಲ್ಲ. ಬೀಜೋಪಚಾರ ಮಾಡಿದ ಕಡಲೆ, ಶೇಂಗಾ ಬಿತ್ತುವಾಗ ಸಾಲಿನ ತುದಿಯಲ್ಲಿ, ಕೂರಿಗೆ ಎತ್ತೋ ಜಾಗದಲ್ಲಿ ಮೇಲೇ ಉಳಿದ ಬೀಜವನ್ನ ಕಾಲಲ್ಲಿ ಮಣ್ಣು ತಳ್ಳಿ ಮುಚ್ಚಿ. ಒಂದು ನಿಮಿಷದ ಕೆಲಸ.

ಬಲೆ, ಉರುಲು ಹಾಕಿ ಲಾವಕ್ಕಿ, ಬಾತು ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಿಮ್ಮ ಹೊಲದಲ್ಲಿ ಹೊರಗಿನವರು ಬಂದು ಬಲೆ ಹಾಕಿದ್ರೆ ಅರಣ್ಯ ಇಲಾಖೆಗೆ ತಿಳಿಸಿ.

ಕಾಳು ತಿನ್ನೋ ನೆಂಟರು

ನೆಂಟರಲ್ಲಿ ಎಲ್ಲರೂ ಸಾಧುಗಳಲ್ಲ ಅನ್ನೋದನ್ನೂ ಹೇಳಬೇಕು. ಗುಲಾಬಿ ಕಬ್ಬಕ್ಕಿ ಅಂತ ಇದೆ, ತಲೆ ರೆಕ್ಕೆ ಕಪ್ಪು, ಬೆನ್ನು ಹೊಟ್ಟೆ ಮಾಸಲು ಗುಲಾಬಿ. ಮಧ್ಯ ಏಷ್ಯಾದಿಂದ ಪೂರ್ವ ಯುರೋಪಿನವರೆಗೆ ಮರಿ ಮಾಡುತ್ತೆ, ನಮ್ಮಲ್ಲಿಗೆ ನೂರು, ಇನ್ನೂರರ ಗುಂಪಲ್ಲಿ ಬರುತ್ತೆ. ಹಿಂಗಾರಿ ಜೋಳ ಹಾಲುಗಟ್ಟಿದಾಗ ಬಿದ್ದರೆ ತೆನೆ ಸುಲಿದು ಹಾಕುತ್ತೆ. ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ಇದರ ಜೊತೆ ಹಳದಿ ಹೊಟ್ಟೆ, ಕಪ್ಪು ತಲೆಯ ಗುಬ್ಬಿಜಾತಿಯ ವಲಸೆ ಹಕ್ಕಿಯ ಕಾಟವೂ ಇದೆ. ಆದ್ರೆ ಅದೇ ಗುಲಾಬಿ ಕಬ್ಬಕ್ಕಿಗೆ ಮಿಡತೆ ಅಂದ್ರೆ ಪ್ರಾಣ. ಚೀನಾದ ಶಿನ್‌ಜಿಯಾಂಗ್ ಹುಲ್ಲುಗಾವಲಲ್ಲಿ ಮಿಡತೆ ಹತೋಟಿಗೆ ಅಂತಲೇ ಕಲ್ಲುಗುಡ್ಡೆ ಹಾಕಿ, ಗೂಡಿನ ಗೋಡೆ ಕಟ್ಟಿ ಇದನ್ನ ಕರೆಸಿಕೊಳ್ತಾರೆ.

ಜೋಳ ಹಾಕಿದವರು ಕಾಳು ಹಾಲಾಗಿ ಗಟ್ಟಿಯಾಗೋ ಎರಡು ಮೂರು ವಾರ ಮಾತ್ರ ಕಾವಲು ಗಟ್ಟಿ ಮಾಡಿದ್ರೆ ಸಾಕು. ಹೊಳೆಯೋ ರಿಬ್ಬನ್ ಉತ್ತರ-ದಕ್ಷಿಣಕ್ಕೆ ಕಟ್ಟಿ, ಒಂದೆರಡು ಸುತ್ತು ತಿರುಚಿ ಕಟ್ಟಿದ್ರೆ ಬಿಸಿಲಿಗೆ ಮಿನುಗಿ, ಗಾಳಿಗೆ ಗುಂಯ್ ಅನ್ನುತ್ತೆ. ಮೊದಲ ದಿನದಿಂದಲೇ ಕಟ್ಟಿದ್ರೆ ಹಕ್ಕಿ ಅದಕ್ಕೆ ಒಗ್ಗಿಹೋಗುತ್ತೆ. ಬೇಕಾದ ವಾರ ಕಟ್ಟಿ, ಮುಗಿದ ಮೇಲೆ ಬಿಚ್ಚಿ. ಕವಣೆ, ಡಬ್ಬ ಬಡಿಯೋದಕ್ಕೆ ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು ಮುಖ್ಯ. ನಡುಹಗಲು ಅವೂ ಮರದಲ್ಲಿರ್ತವೆ, ನೀವೂ ಊಟ ಮಾಡಿ.

ಮಧ್ಯಾಹ್ನದ ಹೊತ್ತಿಗೆ ಬೇಲೂರು ಕಡೆಯ ತೋಟಕ್ಕೆ ಹೋದರೆ ನೋಡೋದಕ್ಕಿಂತ ಕೇಳೋದು ಜಾಸ್ತಿ. ಕಾಫಿ ಗಿಡದ ಮೇಲಿನ ನೆರಳಲ್ಲಿ ಚಿಪ್ ಚಿಪ್ ಅನ್ನೋ ಬೆರಳುದ್ದದ ಉಲಿಯಕ್ಕಿ ಎಲೆಯಿಂದ ಎಲೆಗೆ ಹೇನು, ಸಣ್ಣ ಮರಿಹುಳು ಹುಡುಕುತ್ತಿರುತ್ತೆ. ನೆಲದ ತರಗೆಲೆ ಸರಿಸೋ ಬಣ್ಣಬಣ್ಣದ ನವರಂಗ ದೇಶದೊಳಗಿನ ವಲಸೆಗಾರ. ಮಳೆಗಾಲದಲ್ಲಿ ಮಧ್ಯ ಭಾರತ, ಹಿಮಾಲಯದ ತಪ್ಪಲಲ್ಲಿ ಮರಿ ಮಾಡಿ ಚಳಿಗೆ ಇಲ್ಲಿಗೆ ಬರುತ್ತೆ. ನೆರಳು ಮರ ಪೂರ್ತಿ ಸಿಲ್ವರ್ ಓಕ್ ಮಾಡಿದ ತೋಟಕ್ಕಿಂತ ಅತ್ತಿ, ಹಲಸು, ನೇರಳೆ ಬೆರೆತ ತೋಟದಲ್ಲಿ ಇವು ಹೆಚ್ಚು. ಇಷ್ಟು ಸಾಕು, ತೋಟದ ಹಕ್ಕಿ ಬಗ್ಗೆ ಬೇರೆಯೇ ಬರೀಬೇಕು.

ಸಂಜೆ: ಕಾವಲು

ನಾಲ್ಕೂವರೆಗೆ ಬಯಲಿಗೆ ಬನ್ನಿ. ಅರಸೀಕೆರೆ, ಕಡೂರು ಕಡೆ ಅಮೃತಮಹಲ್ ದನಗಳಿಗೆ ಅಂತ ಮೈಸೂರು ಅರಸರ ಕಾಲದಿಂದ ಬಿಟ್ಟ ಹುಲ್ಲಿನ ಕಾವಲುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯ್ತು, ಅಲ್ಲಿ ಕೃಷ್ಣಮೃಗ ಇದೆ. ಇಂಥ ಬಯಲ ಮೇಲೆ, ಕೊಯ್ದ ರಾಗಿ ಕೂಳೆ ಮೇಲೆ, ಆಳೆತ್ತರದಲ್ಲಿ ನಿಧಾನಕ್ಕೆ ತೇಲ್ತಾ, ರೆಕ್ಕೆಯನ್ನ ಇಂಗ್ಲಿಷಿನ ವಿ ಅಕ್ಷರದ ಹಾಗೆ ಮೇಲೆತ್ತಿ ಹೋಗೋ ಗಿಡುಗ ಕಂಡ್ರೆ ಅದು ಸೆಳೆವ. ಗಂಡು ತಿಳಿ ಬೂದು, ಹೆಣ್ಣು ಕಂದು. ಹೆಣ್ಣಿನ ಸೊಂಟದಲ್ಲಿ ಬಿಳಿ ಪಟ್ಟಿ. ಕೆರೆ ಜೊಂಡಿನ ಮೇಲೆ ಸುತ್ತಿ ಬಾತುಗಳನ್ನ ಎಬ್ಬಿಸೋ ದೊಡ್ಡ ಕಂದು ಬಣ್ಣದ್ದು ಜೌಗು ಸೆಳೆವ.

ಕೋಳಿಮರಿ ಕಳ್ಳ ಅಂತ ಇದಕ್ಕೆ ಕಲ್ಲು ಹೊಡೆಯೋರಿದ್ದಾರೆ. ಬಯಲಿನ ಸೆಳೆವ ಹುಡುಕೋದು ಮಿಡತೆ, ಇಲಿ, ಓತಿ, ಸಣ್ಣ ನೆಲದ ಹಕ್ಕಿ. ಬೇಕಾದ್ರೆ ಪರೀಕ್ಷೆ ಮಾಡಿ. ಸೆಳೆವ ಮರದಲ್ಲಿ ಮಲಗಲ್ಲ. ಕತ್ತಲಾಗುವಾಗ ಐದು, ಹತ್ತು, ಕೆಲವು ಕಡೆ ನೂರಾರು ಸೇರಿ ಹುಲ್ಲಿನ ನಡುವೆ ನೆಲದ ಮೇಲೇ ಮಲಗ್ತವೆ. ಗುಜರಾತಿನ ವೇಳಾವದರ್ ಹುಲ್ಲುಗಾವಲು ಇಂಥ ದೊಡ್ಡ ತಂಗುದಾಣಕ್ಕೆ ಹೆಸರಾಗಿದೆ. ಬೆಳಗ್ಗೆ ಅವು ಎದ್ದು ಹೋದ ಮೇಲೆ ಆ ಜಾಗದಲ್ಲಿ ಹೆಬ್ಬೆರಳು ಗಾತ್ರದ ಒಣ ಉಂಡೆಗಳು ಸಿಗ್ತವೆ. ಅರಗದ ಭಾಗವನ್ನ ಹಕ್ಕಿ ಉಗುಳಿದ್ದು. ಕಡ್ಡಿಯಿಂದ ಬಿಡಿಸಿ ನೋಡಿದ್ರೆ ಮಿಡತೆ ಕಾಲು, ದವಡೆ, ಇಲಿ ಕೂದಲು, ಸಣ್ಣ ಮೂಳೆ. ಮಕ್ಕಳಿಗೆ ತೋರಿಸಿ, ಶಾಲೆಯಲ್ಲಿ ಹೇಳೋ ಆಹಾರ ಸರಪಳಿ ಪಾಠ ಅಲ್ಲೇ ಆಗುತ್ತೆ. ಮುಟ್ಟಿದ ಮೇಲೆ ಕೈ ತೊಳೀಬೇಕು.

ನವೆಂಬರಿನಲ್ಲಿ ಆಕಾಶದ ಕಡೆಯೂ ಒಮ್ಮೆ ನೋಡಿ. ಅಮೂರ್ ಚಾಣ ಅನ್ನೋ ಪಾರಿವಾಳದಷ್ಟಿರೋ ಬೇಟೆ ಹಕ್ಕಿ ಚೀನಾ, ಸೈಬೀರಿಯಾದ ಗಡಿಯಿಂದ ಹೊರಟು ನಾಗಾಲ್ಯಾಂಡಲ್ಲಿ ತಂಗಿ, ನಮ್ಮ ಪರ್ಯಾಯ ದ್ವೀಪ ದಾಟಿ, ಅರಬ್ಬೀ ಸಮುದ್ರದ ಮೇಲೆ ಹಾರಿ ಆಫ್ರಿಕಾ ಸೇರುತ್ತೆ. 2012ರಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಇವನ್ನ ಬಲೆ ಹಾಕಿ ಸಾವಿರಗಟ್ಟಲೆ ಕೊಲ್ಲೋದು ಹೊರಜಗತ್ತಿಗೆ ಗೊತ್ತಾಯ್ತು. ಮರುವರ್ಷವೇ ಆ ಊರಿನವರು ಬೇಟೆ ನಿಲ್ಲಿಸಿದರು. ಸಮುದ್ರದ ಮೇಲೆ ಅದಕ್ಕೆ ಊಟ ಏನು ಅಂದ್ರೆ, ಅದೇ ದಾರೀಲಿ ಅದೇ ಗಾಳಿಗೆ ಹೊರಡೋ ಏರೋಪ್ಲೇನ್ ಚಿಟ್ಟೆ ಅಂತ ತಜ್ಞರು ಹೇಳ್ತಾರೆ. ಮಳೆ ನಿಂತ ಮೇಲೆ ನಿಮ್ಮ ಕಣದ ಮೇಲೆ ಮೋಡದ ಹಾಗೆ ಸುತ್ತೋ ಹಳದಿ ಚಿಟ್ಟೆಗಳಿದಾವಲ್ಲ, ಅವೇ.

ಸೆಳೆವಕ್ಕೆ ಸಮಸ್ಯೆ ಆಗ್ತಿರೋದು ಮಲಗೋ ಜಾಗದ್ದು. ಕಾವಲು ಒತ್ತುವರಿ ಆಗಿದೆ, ಕೆಲವು ಕಡೆ ನೀಲಗಿರಿ ಬಂದಿದೆ, ಉಳಿದಿದ್ದಕ್ಕೆ ಹೊಸ ಹುಲ್ಲು ಬರ್ಲಿ ಅಂತ ಡಿಸೆಂಬರ್-ಜನವರಿಯಲ್ಲೇ ಬೆಂಕಿ ಬೀಳುತ್ತೆ. ಅಷ್ಟು ಬೇಗ ಸುಟ್ಟರೆ ಹುಲ್ಲೇನೂ ಚೆನ್ನಾಗಿ ಬರಲ್ಲ, ನೆಲ ಆರು ತಿಂಗಳು ಬರಿದಾಗಿ ಬಿಸಿಲಿಗೆ ಬಿದ್ದಿರುತ್ತೆ, ಮೊದಲ ಮಳೆಗೆ ಮೇಲ್ಮಣ್ಣು ಕೆರೆಗೆ ಹೋಗುತ್ತೆ. ನಿಮ್ಮ ಹೊಲದ ಪಕ್ಕ ಸೊಂಟದೆತ್ತರ ಹುಲ್ಲಿನ ಬೀಳು ಇದ್ದು, ಸಂಜೆ ಹೊತ್ತು ಸೆಳೆವ ಅದರೊಳಗೆ ಇಳಿಯೋದು ಕಂಡ್ರೆ, ಅಲ್ಲಿ ಹುಲ್ಲು ಕೊಯ್ಯೋದನ್ನ ಮಾರ್ಚ್ ಕೊನೆಗೆ ಇಟ್ಟುಕೊಳ್ಳಿ, ಬೆಂಕಿ ಬೇಡ. ಮೇವಿಗೆ ಬೇಕೇ ಬೇಕು ಅಂದ್ರೆ ಒಂದು ಬದಿಯಿಂದ ಪಟ್ಟೆ ಪಟ್ಟೆಯಾಗಿ ಕೊಯ್ದು, ನಡುವಿನ ಕಾಲು ಭಾಗ ಬಿಡಿ. ಯುಗಾದಿ ಹೊತ್ತಿಗೆ ಸೆಳೆವ ಉತ್ತರಕ್ಕೆ ಹೊರಟಿರುತ್ತೆ, ಆಮೇಲೆ ಆ ಹುಲ್ಲೂ ನಿಮ್ಮದೇ.